ಬಿಟ್ಟುಹೋದ ಚಿಕ್ಕಿ

ಶನಿವಾರದ ಎರಡನೇ ತಾಸು. ಪಠ್ಯದಲ್ಲಿ ಘಟಕ ನಾಲ್ಕು:
‘ಹೊಸ ತಂತ್ರಜ್ಞಾನ ಮತ್ತು ನೈತಿಕ ನಾಯಕತ್ವ.’
ಬರೆಯುವಾಗ ಸೀಮೆಸುಣ್ಣ ಮುರಿಯಿತು,
ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.
ನನಗೂ ನಗು ಬಂದಿತ್ತು, ನುಂಗಿದೆ.
ಗುಳೇದಗುಡ್ಡದ ಈ ಕಾಲೇಜಿನಲ್ಲಿ
ಹೊಲಿಗೆ ಯಂತ್ರ ಹನ್ನೊಂದು, ಓಡುವವು ಏಳು,
ಹುಡುಗಿಯರು ಇಪ್ಪತ್ತಮೂರು, ಹುಡುಗ ಒಬ್ಬ, ಮುಕ್ತುಮ.
ಇವರಿಗೆ ನಾನು ನಾಳೆಯನ್ನು ಕಲಿಸಬೇಕು.

ಪರದೆ ಇಳಿಬಿಟ್ಟೆ. ಕರೆಂಟು ಇತ್ತು, ಪುಣ್ಯ.
ಟೈಪಿಸಿದೆ: ಖಣ, ಆನೆಹೆಜ್ಜೆ, ಕೆಂಪು, ಹಸಿರು ದಡಿ.
ಒಂಬತ್ತು ಸೆಕೆಂಡು.
ಸಾಲಾಗಿ ಬಂದು ನಿಂತವು ನಲವತ್ತು ಖಣ,
ಉಡಿ ತುಂಬುವ ಹೊತ್ತಿಗೆ
ಅಜ್ಜಿಯ ಟ್ರಂಕು ತೆರೆದಂತೆ.
‘ನಮ್ಮವ್ವಗ ಹತ್ತ ದಿನದ ಕೆಲಸರೀ’
ಅಂದಳು ತಿಪ್ಪವ್ವ, ಲೆಕ್ಕ ಒಪ್ಪಿಸುವ ದನಿಯಲ್ಲಿ.

ಕಸ್ತೂರಿ ಚಿಲ್ಲಾಳ ಎದ್ದು ಪರದೆಯ ಹತ್ತಿರ ಹೋದಳು.
ಅವಳ ನೆರಳು ಖಣದ ಮೇಲೆ ಬಿತ್ತು.
ಮೂರನೇ ಸಾಲು, ಬಲಗಡೆಯ ಹೆಜ್ಜೆ. ಬೆರಳಿಟ್ಟಳು.
‘ಇಲ್ಲೊಂದ ಚಿಕ್ಕಿ ಇಲ್ಲ ನೋಡ್ರಿ ಮೇಡಂ.
ಹನ್ನೆರಡ ಹೆಜ್ಜಿಗೊಮ್ಮೆ ಇಲ್ಲ.
ಇದು ನಮ್ಮಪ್ಪನ ತಪ್ಪು.’

ಯಾರೂ ನಗಲಿಲ್ಲ.
ಜಕಾರ್ಡಿನ ರಟ್ಟಿನ ಕಾರ್ಡೊಂದು
ಸೋರುವ ಮಾಡಿನ ಕೆಳಗೆ ನೆನೆದು ತೂತು ಮುಚ್ಚಿತ್ತಂತೆ,
ಹೊಸದು ಹೊಡೆಸಲು ರೊಕ್ಕ ಆಗಲಿಲ್ಲವಂತೆ,
ಎರಡು ವರ್ಷ ಹಾಗೇ ನೇಯ್ದನಂತೆ.
ಉಡುವವರಿಗೆ ಕಾಣಲಿಲ್ಲ. ಸಾವುಕಾರ ಕಂಡ,
ವಾರಕ್ಕೆ ಇಪ್ಪತ್ತು ರೂಪಾಯಿ ಮುರಿದುಕೊಂಡ.

ಆ ತಪ್ಪನ್ನು ಯಂತ್ರ ಭಕ್ತಿಯಿಂದ ಕಲಿತಿದೆ.
ಹೆಸರೊಂದನ್ನು ಬಿಟ್ಟು ಎಲ್ಲವನ್ನೂ.

ನಾನು ಹೇಳಬೇಕಾದ್ದು ಪುಸ್ತಕದಲ್ಲಿತ್ತು:
ಒಪ್ಪಿಗೆ, ಪಾರದರ್ಶಕತೆ, ಹೊಣೆ.
ಬಾಯಿ ತೆರೆದೆ. ನಾಲಿಗೆ ಒಣಗಿತ್ತು.
ಆರು ವರ್ಷದ ಹಿಂದೆ
ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಓಣಿ ಓಣಿ ತಿರುಗಿ
ಮಗ್ಗದ ಕುಣಿಯ ಅಂಚಿಗೆ ಕೂತು, ಅವರ ಚಹಾ ಕುಡಿದು
ಇನ್ನೂರ ಹದಿನಾಲ್ಕು ಖಣದ ಫೋಟೋ ತೆಗೆದವಳು ನಾನು.
ಅಂತರ್ಜಾಲಕ್ಕೆ ಏರಿಸಿದವಳೂ ನಾನು.
ಕೆಳಗೆ: ‘ಸಂಗ್ರಹ, ವಿನೋದಾ ಹಂಪಿಹೊಳಿ.’
ನೇಯ್ದವರು ಅಂತ ಖಾನೆಯೇ ಇರಲಿಲ್ಲ.
ಯಂತ್ರ ನುಂಗಿದ್ದು ನನ್ನ ಫೋಟೋಗಳನ್ನೇ ಎಂದು ಹೇಗೆ ಹೇಳಲಿ?
ಅಲ್ಲ ಎಂದು ಹೇಗೆ ಹೇಳಲಿ?

ಇಷ್ಟನ್ನೂ ಹೇಳಿಬಿಟ್ಟೆ,
ಪ್ರೊಜೆಕ್ಟರಿನ ಫ್ಯಾನು ಗುಂಯ್‌ಗುಡುತ್ತಿರುವಾಗ.
ಮುಕ್ತುಮ ಕೇಳಿದ: ‘ಈಗ ಅದನ್ನ ತೆಗೀಬಹುದೇನ್ರಿ?’
ಫೋಟೋ ತೆಗೆಯಬಹುದು. ಒಮ್ಮೆ ಕಲಿತದ್ದನ್ನು
ಮರೆಸುವುದು ಹೇಗೆಂದು ನನಗೆ ಗೊತ್ತಿಲ್ಲ ಅಂದೆ.
‘ಗೊತ್ತಿಲ್ಲ’ ಅಂತ ನೋಟ್ಸಿನಲ್ಲಿ ಬರೆದುಕೊಂಡರು.

ಸಂಜೆ ಅವರ ಮನೆಗೆ ಹೋದೆ.
ಮಾಗುಂಡಪ್ಪ ಕುಣಿ ಬಿಟ್ಟು ಮೇಲೆ ಬರಲಿಲ್ಲ,
ಲಾಳಿ ನಿಲ್ಲಿಸಿ ಫೋನನ್ನು ದೂರ ಹಿಡಿದು ನೋಡಿದ.
‘ಹೌದು, ನಂದ ಐತಿ’ ಅಂದ,
ಕಳೆದ ಆಡಿನ ಕಿವಿಗುರುತು ಸಿಕ್ಕವನಂತೆ.
ಆಮೇಲೆ: ‘ಮೊದಲ ಒಂದ ಮಾತ ಕೇಳಿದ್ರ
ಕಾರ್ಡ ಸರಿ ಮಾಡಿಸಿ ಕೊಡತಿದ್ನೆಲ್ಲವ್ವಾ.
ಜಗತ್ತಿಗೆಲ್ಲಾ ಒಂದ ಚಿಕ್ಕಿ ಕಡಿಮಿ ಆತು.’

ಭಾನುವಾರಗಳಲ್ಲಿ ಹುಡುಗಿಯರು ಓಣಿ ಹಿಡಿದು ಹೊರಟರು.
ಅರವತ್ತೊಂದು ಖಣಕ್ಕೆ ಹೆಸರು ಸಿಕ್ಕಿತು.
ಕೆಲವರು ತೀರಿಹೋಗಿದ್ದಾರೆ,
ಒಬ್ಬ ಬಾಗಲಕೋಟೆಯ ಬ್ಯಾಂಕಿನ ಬಾಗಿಲಲ್ಲಿ ಕಾವಲು ಕೂತಿದ್ದಾನೆ.
ಒಬ್ಬಾಕೆ, ‘ಹೆಸರ ಬ್ಯಾಡ, ಸಾವುಕಾರ ಓದ್ಯಾನು’ ಅಂದಳು.
ಆ ಖಾನೆಯನ್ನು ಖಾಲಿ ಬಿಟ್ಟೆವು, ಅವಳ ಮಾತಿನಂತೆ.

ಪರೀಕ್ಷೆಗೆ ಕಸ್ತೂರಿ ಕುಪ್ಪಸ ಹೊಲಿದಳು,
ಅದೇ ಎರಡು ವರ್ಷದ ಹಳೇ ಖಣ.
ಬಿಟ್ಟ ಜಾಗದಲ್ಲೆಲ್ಲ ಸೂಜಿಯಿಂದ ಚಿಕ್ಕಿ ಇಟ್ಟಳು,
ಹಳದಿ ದಾರ, ಕಣ್ಣಿಗೆ ಚುಚ್ಚುವಂಥದು.
ಬೆಳಗಾವಿಯಿಂದ ಬಂದ ಪರೀಕ್ಷಕರು ಕೇಳಿದರು:
‘ಈ ಬಣ್ಣ ಹೊಂದೂದಿಲ್ಲಲ್ಲಾ?’
‘ಹೊಂದಬಾರದ್ರಿ’ ಅಂದಳು.
ಹತ್ತಕ್ಕೆ ಆರು ಕೊಟ್ಟು, ಬಸ್ಸಿಗೆ ಹೊತ್ತಾಯಿತೆಂದು ಹೋದರು.